ಚುಕ್ಕೆಗೆರೆಯ ಒಳಗೆ

"ಬಟ್ಟೆ ಒಣಗಿಸೋದು ಹಾಳಾಗ್ಲಿ ಅಕ್ಕಾ, ಮೊದಲು ಇದನ್ನ ನೋಡು," ಎಂದು ತಂಗಿ ಬಾಗಿಲ ಚಿಲಕ ಹಾಕಿ, ಚೀಲದ ತಳದಿಂದ ಮೂರು ನಕ್ಷೆ ತೆಗೆದಳು. ಕಿಟಕಿಯ ಬಳಿ ಗಡಿಯಾರ ರಿಪೇರಿಗೆ ಕೂತಿದ್ದ ಭಾವ ತಲೆಯೆತ್ತಿದ.

ತಂಗಿಗೆ ನಕ್ಷೆ ಕಚೇರಿಯಲ್ಲಿ ಗೆರೆ ಎಳೆಯುವ ಕೆಲಸ. ಅಲ್ಲಿ ಹಳೆಯ ನಕ್ಷೆಗಳನ್ನು ಎಸೆಯುವುದಿಲ್ಲ. ಅವುಗಳ ಬೆನ್ನ ಮೇಲೆ ನಿಬ್ಬು ತೀಡಿ ಮಸಿ ಪರೀಕ್ಷಿಸುತ್ತಾರೆ. ಮಗುಚಿ ನೋಡುವ ಉಸಾಬರಿ ಯಾರಿಗೂ ಬೇಕಿಲ್ಲ. ಇವಳು ಮಗುಚಿದ್ದೇ ಎಡವಟ್ಟಾಯಿತು.

ಮೂರೂ ಹೊಳೆಯಾಚೆಯ ಒಂದೇ ಊರಿನವು. ಮೊದಲನೆಯದರಲ್ಲಿ ಸೈನ್ಯ ಆಗಷ್ಟೇ ಹಿಡಿದ ಊರಿಗೆ ಸರ್ಕಾರದ ಕಂದು ಬಣ್ಣ ಬಳಿದಿತ್ತು. ಮರುವರ್ಷದ್ದರಲ್ಲಿ ನಾಲ್ಕು ಓಣಿಗಳ ಸುತ್ತ ಚುಕ್ಕೆಗೆರೆ. ಅದರ ಮುಂದಿನ ವರ್ಷದ್ದರಲ್ಲಿ ಗೆರೆಯೂ ಇಲ್ಲ, ಓಣಿಗಳೂ ಇಲ್ಲ. ಹಸಿರು ಬಳಿದು 'ಉದ್ಯಾನ' ಎಂದು ಬರೆದಿದ್ದರು.

"ಅಲ್ಲಿದ್ದ ಮನೆಗಳು?"

"ಮನೆ ಬಿಡು, ಜನ ಎಲ್ಲಿ ಅಂತ ಕೇಳು. ಎಲ್ಲ ಭಾವನ ಜನಾಂಗದೋರೇ." ತಂಗಿ ಮೊದಲ ನಕ್ಷೆಯ ಮೇಲೆ ಬೆರಳಿಟ್ಟಳು. "ನಮ್ಮ ಈ ಊರಿಗೂ ಹೋದ ವರ್ಷ ಇದೇ ಕಂದು ಬಣ್ಣ ಬಂತು. ನಿನ್ನೆ ಸಾಹೇಬ್ರು ನಿಮ್ಮ ಬೀದಿ ಸುತ್ತ ಚುಕ್ಕೆ ಹಾಕ್ಸಿದ್ರು. ನನ್ನ ಕೈಲೇ."

"ನಿನ್ನ ಕೈ ಸೇದ್ಹೋಗ!" ಎಂದ ಅಕ್ಕ ಮರುಕ್ಷಣವೇ ಆ ಕೈಯನ್ನೇ ಹಿಡಿದು ಅತ್ತಳು. ಪಾಪ, ಇನ್ಯಾರನ್ನು ಬಯ್ಯಬೇಕು?

"ಇವತ್ತೇ ಹೊರಡಿ. ಮಗೂನ ಕರ್ಕೊಂಡು ಹೊರಟುಬಿಡಿ."

ಭಾವ ಕಣ್ಣಿನ ಭೂತಗಾಜು ತೆಗೆದ. "ಎಲ್ಲಿಗಮ್ಮ? ಹೊಳೆ ದಾಟಿ?"

"ಅಲ್ಲಿ ಕಂದು ಆಗಿದೆ ಭಾವ."

"ಬೆಟ್ಟದ ಕಡೆ?"

"ಅದೂ ಆಯ್ತು."

"ಸಮುದ್ರ?"

ಹೋದ ತಿಂಗಳು ಕರಾವಳಿಗೂ ಕಂದು ತುಂಬಿದವಳು ಇವಳೇ.

"ಅತ್ತ ದರಿ ಇತ್ತ ಪುಲಿ ಅಂತಿದ್ರು ನಮ್ಮಜ್ಜಿ," ಭಾವ ನಗಲು ನೋಡಿದ. "ನಮಗೆ ಬೀಳೋಕೆ ಒಂದು ದರಿನೂ ಉಳಿಸಿಲ್ಲ ನೋಡು, ಸುತ್ತ ಪುಲಿನೇ." ಅವನಿಗೂ ಭಯವಾಗಿತ್ತು, ಕೈಯಲ್ಲಿದ್ದ ಸ್ಕ್ರೂ ಎಲ್ಲೋ ಬಿದ್ದುಹೋಯಿತು, ಹುಡುಕಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ರಿಪೇರಿಗೆ ಬಂದ ಗಡಿಯಾರಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡ.

"ಬೇರೆಯವರ ವಸ್ತು, ದಾರಿ ಇರೋವಾಗಲೇ ತಲುಪಿಸಬೇಕು. ಗೆರೆಯಿಂದ ಆಚೆಯೋರದ್ದು ಮೊದಲು. ಹೇಳು, ಬೇಕರಿಯವನು?"

"ಹೊರಗೆ."

ಗಡಿಯಾರ ಬಲಕ್ಕೆ ಹೋಯಿತು.

"ಕನ್ನಡಕದ ಮೇಷ್ಟ್ರು?"

"ಒಳಗೆ."

ಎಡಕ್ಕೆ.

"ಮೂಲೆಮನೆ ನರ್ಸಮ್ಮ?"

"ಒಳಗೆ ಭಾವ."

ಅಕ್ಕ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಮಗು ಸ್ಕೂಲು ಯಾವ ಕಡೆ ಬರುತ್ತೇ?"

"ಹೊರಗೆ."

ಅಕ್ಕ ನಾಳೆಯ ಸ್ಕೂಲಿಗೆಂದು ಹಗ್ಗದ ಮೇಲೆ ಹಾಕಿದ್ದ ಯೂನಿಫಾರಂ ತೆಗೆದಳು. ಇನ್ನೂ ಒದ್ದೆಯಾಗಿತ್ತು. ಅದನ್ನು ಹಾಗೇ ಮಡಚತೊಡಗಿದಳು.