ಬಜೆ ತೇಯ್ದ ಕಲ್ಲು

ನಾನು ಒಂದು ಸಾಣೆಕಲ್ಲು, ಅಂಗೈಯಗಲದವಳು. ಬೀಸುವ ಕಲ್ಲು ಮಾಡಿ ಉಳಿದ ಚೂರಿನಲ್ಲಿ ಕಲ್ಲುಕುಟಿಗನೊಬ್ಬ ನನ್ನನ್ನು ಕಡೆದು, ಸಂತೆಯಲ್ಲಿ ಗೋಣಿಚೀಲದ ಮೇಲೆ ಕೂರಿಸಿದ. ಅರಸೀಕೆರೆಯ ಪಂಕಜಮ್ಮ ಕೊಂಡು ತಂದರು. ಅವರ ಮನೆಯಲ್ಲಿ ದೇವರಿಗೆ ಗಂಧ ತೇಯಿಸಿಕೊಂಡು ತಂಪಾಗಿದ್ದೆ. ಆ ದಿನಗಳ ಬಗ್ಗೆ ನನ್ನ ದೂರೇನೂ ಇಲ್ಲ.

ತೊಂದರೆ ಶುರುವಾದದ್ದು ಎದುರು ಮನೆಯ ಜಲಜಳ ಮಗಳು ಇಂಚರಾಳಿಗೆ ಮೂರು ತುಂಬಿದರೂ ಮಾತು ಬಾರದಾಗ. ನಾಲಿಗೆ ಹೊರಳದ ಮಗುವಿಗೆ ಬಜೆ ಬೇರು ತೇಯ್ದು ಜೇನಿನಲ್ಲಿ ನೆಕ್ಕಿಸಬೇಕೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಪಂಕಜಮ್ಮ ನನ್ನನ್ನು ಸೆರಗಿನಲ್ಲಿ ಒರೆಸಿ ಜಲಜಳ ಕೈಗಿಟ್ಟರು.

"ನಲವತ್ತೆಂಟು ದಿನ ತಪ್ಪಿಸಬೇಡ ಕಣೆ. ಆಮೇಲೆ ಅವಳ ಬಾಯಿ ಮುಚ್ಚಿಸೋಕೆ ನನ್ನನ್ನೇ ಕರೀತೀಯ."

ಜಲಜ ಎರಡು ವರ್ಷ ತೇಯ್ದಳು. ಇಂಚರಾಳ ಬೆಳವಣಿಗೆಯಲ್ಲೇ ತೊಡಕಿದೆ, ತರಬೇತಿ ಬೇಕು, ತಾಳ್ಮೆ ಬೇಕು ಎಂದು ಹಾಸನದ ಡಾಕ್ಟರು ಬಿಡಿಸಿ ಹೇಳಿದ ಮೇಲೂ ತೇಯ್ದಳು. ಏಕೆಂದರೆ ಮನೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಅದನ್ನೇ. ಬಜೆ ಹಾಕ್ತಿದ್ದೀಯಾ? ಹಾಲಿನಲ್ಲೋ, ಜೇನಿನಲ್ಲೋ? ಬಸುರಿಯಲ್ಲಿ ಗ್ರಹಣ ನೋಡಿದ್ದೆಯಾ? ಕೇಳಿ, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೋಗುತ್ತಿದ್ದರು. ಆ ಲೋಟ ತೊಳೆಯುವವಳೂ ಜಲಜಳೇ.

ಅವಳ ದವಡೆ ಹಲ್ಲು ಹುಳುಕಾಗಿ ನಾಲ್ಕು ತಿಂಗಳಾಗಿತ್ತು. ಒಂದು ಕೆನ್ನೆ ಊದಿಕೊಂಡೇ ಇರುತ್ತಿತ್ತು. ತನ್ನ ಬಾಯಿಯಲ್ಲಿ ಲವಂಗ ಕಚ್ಚಿಕೊಂಡು, ಮಗಳ ಬಾಯಿಗೆಂದು ನನ್ನ ಮೇಲೆ ಬಜೆ ತೇಯುತ್ತಿದ್ದಳು. ಹಲ್ಲಿನ ಡಾಕ್ಟರ ಬಳಿ ಹೋಗಿಬರಲು ಎರಡು ಗಂಟೆ ಸಾಕು. ಆ ಎರಡು ಗಂಟೆ ಇಂಚರಾಳ ಜೊತೆ ಇರುವವರು ಬೇಕು. ಗಂಡ ರೈಲ್ವೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಕ್ಲಿನಿಕ್ಕಿನ ಬಾಗಿಲು ಹಾಕಿರುತ್ತಿತ್ತು. ಭಾನುವಾರ ಅದಕ್ಕೂ ರಜೆ.

ಕೊನೆಗೆ ಪಂಕಜಮ್ಮನನ್ನೇ ಕೇಳಿದಳು. ಅವರು ಗಾಬರಿಯಾದರು.

"ಅವಳಿಗೆ ಏನು ಬೇಕು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕಮ್ಮ? ಮಾತು ಬರಲಿ ಇರು, ಆಮೇಲೆ ದಿನಾ ನಮ್ಮನೇಲೇ ಬಿಡುವಂತೆ."

ಕಲ್ಲಾದ ನನಗೇ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಹಿಂದಿನ ಬೀದಿಯ ಶಾಹಿದಾಳ ಮಗ ಇರ್ಫಾನನಿಗೂ ಮಾತಿಲ್ಲವೆಂಬ ಸುದ್ದಿ ಬಂತು. ಪಂಕಜಮ್ಮ ನನ್ನನ್ನು ಅಲ್ಲಿಗೆ ಸಾಗಿಸಿದರು. ಜಲಜ ಸರಿಯಾಗಿ ತೇಯಲಿಲ್ಲ, ನೀನಾದರೂ ತೇಯಿ ಎಂದರು. ಅಲ್ಲಿಯೂ ಅದೇ ಬೇರು, ಅದೇ ಜೇನು, ಅದೇ ಪ್ರಶ್ನೆಗಳು.

ಮೂರು ವಾರದಲ್ಲಿ ಶಾಹಿದಾ ಸಾಕೆಂದಳು. ಕಲ್ಲು ಜಲಜಳದ್ದೆಂದು ತಪ್ಪು ತಿಳಿದು, ಮಗನನ್ನು ಸೊಂಟಕ್ಕೇರಿಸಿ ನೇರ ಅವಳ ಮನೆಗೆ ಬಂದಳು.

"ತಗೊಳ್ಳಿ ಅಕ್ಕ. ತೇಯ್ದೂ ತೇಯ್ದೂ ಬಜೆ ಸವೀತು, ನಾನೂ ಸವೆದೆ."

ಆಮೇಲೆ ಜಲಜಳ ಕೆನ್ನೆ ನೋಡಿದಳು. ಏನೆಂದು ಕೇಳಿದಳು, ಎಷ್ಟು ದಿನವಾಯಿತೆಂದು ಕೇಳಿದಳು. ನನ್ನನ್ನೂ ಮಗನನ್ನೂ ಚಾಪೆಯ ಮೇಲಿಳಿಸಿ ತಾನೂ ಕೂತಳು.

"ಹೋಗಿ ಬನ್ನಿ. ನಾನಿರ್ತೀನಿ."

ಜಲಜ ಚಪ್ಪಲಿ ಮೆಟ್ಟಿದವಳು ಬಾಗಿಲಲ್ಲೇ ನಿಂತು ಒಂದೊಂದೇ ಹೇಳತೊಡಗಿದಳು. ನೀಲಿ ಲೋಟದಲ್ಲೇ ನೀರು ಕೊಡಬೇಕು. ಕಿವಿ ಮುಚ್ಚಿಕೊಂಡಾಗ ಮುಟ್ಟಬಾರದು. ಕುಕ್ಕರ್ ಮಾತ್ರ...

"ಕೂಗಿಸಬಾರದು. ನಮ್ಮನೇಲೂ ಕೂಗಲ್ಲ ಅಕ್ಕ. ನೀವು ಹೊರಡಿ."

ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಜಲಜ ಮರಳಿದಾಗ ಇಂಚರಾ ನೀಲಿ ಲೋಟದಿಂದ ನನ್ನ ಮೇಲೆ ನೀರು ಸುರಿಯುತ್ತಿದ್ದಳು. ಇರ್ಫಾನ್ ಅದರಲ್ಲಿ ಕೈಯಾಡಿಸುತ್ತಿದ್ದ. ಕೋಣೆಯಲ್ಲಿದ್ದ ನಾಲ್ವರಲ್ಲಿ ಮೂವರಿಗೆ ಮಾತಿರಲಿಲ್ಲ. ಅಷ್ಟು ನೆಮ್ಮದಿಯನ್ನು ಆ ಮನೆಯಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.

ಈಗ ಮಂಗಳವಾರ ಮಕ್ಕಳಿಬ್ಬರೂ ಇಲ್ಲಿ, ಶುಕ್ರವಾರ ಅಲ್ಲಿ. ನನ್ನ ನಡು ಸವೆದು ಹಳ್ಳಬಿದ್ದಿದೆ. ಗಾಳಿಗೆ ಬಾಗಿಲು ಬಡಿದು ಮಕ್ಕಳು ಬೆಚ್ಚದಿರಲೆಂದು ನನ್ನನ್ನು ಅದಕ್ಕೆ ಒತ್ತು ಕೊಟ್ಟಿದ್ದಾರೆ. ಪಂಕಜಮ್ಮ ಇಂದಿಗೂ ಹಾದುಹೋಗುವಾಗ ಬಜೆ ನಿಲ್ಲಿಸಿಬಿಟ್ಟೆಯಾ ಎಂದು ಕೇಳುತ್ತಾರೆ.

ಎರಡು ವರ್ಷ ತೇಯಿಸಿಕೊಂಡವಳು ಹೇಳುತ್ತಿದ್ದೇನೆ. ಬಜೆಗೆ ನಿಜಕ್ಕೂ ನಾಲಿಗೆ ಹೊರಳಿಸುವ ಗುಣವಿದ್ದರೆ, ಮೊದಲು ಹಚ್ಚಬೇಕಿದ್ದದ್ದು ಇಂಚರಾಳ ನಾಲಿಗೆಗಲ್ಲ. 'ನಾನಿರ್ತೀನಿ' ಎಂಬ ಒಂದು ಮಾತು ಆ ಬೀದಿಯ ಅಷ್ಟೂ ಬಾಯಿಗಳಲ್ಲಿ ಹೊರಳಲೇ ಇಲ್ಲ.