ಅದೇ ಕಲ್ಲು

"ಇವರೇ ಯೋಗೀಶಣ್ಣ. ಇವರಿಲ್ಲದಿದ್ದರೆ ಇವತ್ತು ನನ್ನ ಕುತ್ತಿಗೆಯಲ್ಲಿ ಇದು ಇರುತ್ತಿರಲಿಲ್ಲ."

ಪಂಕಜಾಕ್ಷಿ ಕರಿಮಣಿ ಸರವನ್ನು ಬೆರಳಲ್ಲಿ ಎತ್ತಿ ತೋರಿಸಿದಾಗ, ಊಟ ಮುಗಿಸಿ ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿದ್ದ ನೆಂಟರೆಲ್ಲ ತಿರುಗಿ ನೋಡಿದರು. ಒಬ್ಬರು ಅಜ್ಜಿಯಂತೂ ಯೋಗೀಶನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಕೈ ಬಿಡಿಸಿಕೊಳ್ಳಲೂ ಆಗದೆ, ಹಾಗೇ ಬಿಡಲೂ ಆಗದೆ ಅವನು, "ಎಂತದೂ ಇಲ್ಲ ಅಜ್ಜಿ," ಎಂದ. ಅದನ್ನು ಅವನ ದೊಡ್ಡಗುಣ ಎಂದುಕೊಂಡು ಅವರು ಇನ್ನೊಮ್ಮೆ ಕಣ್ಣು ಒರೆಸಿಕೊಂಡರು.

ಯೋಗೀಶ ಬೇಕೆಂದೇ ತಡಮಾಡಿ ಬಂದಿದ್ದ. ಮಂಜೇಶ್ವರದ ಈ ಮನೆಯಲ್ಲಿ ಸತ್ಯನಾರಾಯಣ ಪೂಜೆ ಹತ್ತಕ್ಕೇ ಶುರುವಾಗಿತ್ತು. ಅವನು ಶಿರಿಯದಿಂದ ಬೈಕು ಹತ್ತಿದ್ದು ಒಂದೂವರೆಗೆ. ಹೆಂಡತಿ ಮೋಹಿನಿ ಬೆನ್ನು ಹತ್ತದಿದ್ದರೆ ಅದೂ ಇಲ್ಲ. ಪೂಜೆ ಇಟ್ಟದ್ದೇ ನಿಮ್ಮಿಂದಾಗಿ, ನೀವೇ ಹೋಗದೆ ಕೂತರೆ ಜನ ಎಂತ ಹೇಳಿಯಾರು ಎಂದು ಅವಳು ಇಸ್ತ್ರಿ ಹಾಕಿದ ಅಂಗಿ ಹಿಡಿದುಕೊಂಡು ಬೆಳಗ್ಗಿನಿಂದ ಹಿಂದೆ ಹಿಂದೆಯೇ ಸುತ್ತಿದ್ದಳು. ನಡೆದದ್ದನ್ನು ಅವನು ಅವಳಿಗೂ ಹೇಳಿರಲಿಲ್ಲ.

ನಡೆದದ್ದಾದರೂ ಎಂತ? ಯೋಗೀಶನ ಬೋಟಿನಲ್ಲಿ ಭಾನುವಾರ ಎರಡು ಬಗೆಯ ಜನ ಹೋಗುತ್ತಿದ್ದರು. ಮಂಗಳೂರಿನಿಂದ ಬರುವ ಡೈವಿಂಗಿನವರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿದು, ಮೀನು ನೋಡಿ, ಫೋಟೋ ತೆಗೆದು ಬರುವವರು. ಗನ್ನಿನವರು ಸಿಲಿಂಡರು ಗಿಲಿಂಡರು ಇಲ್ಲದೆ ಉಸಿರು ಕಟ್ಟಿ ಮುಳುಗಿ, ಈಟಿ ಹಾರಿಸುವ ಗನ್ನಿನಿಂದ ಮೀನು ಹೊಡೆದು ತರುವವರು. ಒಂದೇ ಕಡೆಯವರಿಂದ ಬೋಟು ತುಂಬುವುದಿಲ್ಲವಲ್ಲ, ಇಬ್ಬರನ್ನೂ ಒಟ್ಟಿಗೆ ಹಾಕಿಕೊಳ್ಳುತ್ತಿದ್ದ. ಹಾವು ಮುಂಗುಸಿಯನ್ನು ಒಂದೇ ಬುಟ್ಟಿಯಲ್ಲಿ ಹಾಕಿದ ಹಾಗೆ. ನಾವು ನೋಡಲು ಬರುವ ಮೀನನ್ನು ಇವರು ಕೊಂದು ತರುತ್ತಾರೆ ಎಂದು ಡೈವಿಂಗಿನ ಗೌತಮಿ ಮುಖ ತಿರುಗಿಸುವಳು. ಮೀನು ಏನು ಇವರ ಸೋದರ ಮಾವನಾ ಎಂದು ಗನ್ನಿನವರು ಗೊಣಗುವರು. ಜಗಳ ಬೇಡವೆಂದು ಯೋಗೀಶ ಡೈವಿಂಗಿನವರನ್ನು ಬೋಟಿನ ಮುಂದೆ, ಗನ್ನಿನವರನ್ನು ಹಿಂದೆ ಕೂರಿಸುತ್ತಿದ್ದ. ಹೊಳೆ ಕಡಲು ಸೇರುವ ಅಳಿವೆಯಿಂದ ಒಂದು ಗಂಟೆ ದೂರದಲ್ಲಿ, ನೀರಿನಡಿಯಲ್ಲೇ ಮುಳುಗಿಕೊಂಡಿರುವ ದೊಡ್ಡ ಕಲ್ಲಿನ ತೆಂಕಣ ಬದಿ ಅವರಿಗೆ, ಬಡಗಣ ಬದಿ ಇವರಿಗೆ.

ಸುಕುಮಾರ ಗನ್ನಿನವನು, ಪಂಕಜಾಕ್ಷಿಯ ಗಂಡ. ಮಸ್ಕತ್ತಿನಲ್ಲಿ ಹದಿನಾರು ವರ್ಷ ಏಸಿ ರಿಪೇರಿ ಮಾಡಿ, ಶುಕ್ರವಾರದ ರಜೆಗಳಲ್ಲಿ ಈ ಹುಚ್ಚು ಹಿಡಿಸಿಕೊಂಡು ಬಂದವನು. ಊರಿನಲ್ಲೂ ಅದೇ ಕೆಲಸ, ಭಾನುವಾರವಾದರೆ ಕಡಲು. ಮಾತು ಕಡಿಮೆ. ಮೀನು ಸಿಗದ ದಿನವೂ ಮುಖದಲ್ಲಿ ಒಂದು ನಗೆ ಇಟ್ಟುಕೊಂಡೇ ಬೋಟು ಹತ್ತುತ್ತಿದ್ದ.

ಯೋಗೀಶ ಬೋಟಿನಲ್ಲಿ ತಲೆ ಎಣಿಸುವವನಲ್ಲ. ಅವನ ಅಪ್ಪ ಬಟ್ಯ, ದೋಣಿಯಲ್ಲಿ ಜನರತ್ತ ಬೆರಳು ಮಾಡಿ ಒಂದು ಎರಡು ಎಂದವರ ಕೈಗೆ ಹೊಡೆಯುತ್ತಿದ್ದ. ನಾವು ಎಣಿಸಿದರೆ ಕಡಲೂ ಎಣಿಸಿಕೊಳ್ಳುತ್ತದೆ ಎಂದು ಅವನ ಹೆದರಿಕೆ. ಬೇಕಾದರೆ ಹುಟ್ಟು ಎಣಿಸು, ಬಲೆ ಎಣಿಸು, ಮನುಷ್ಯರನ್ನು ಎಣಿಸಬೇಡ. ಅಪ್ಪ ಸತ್ತು ವರ್ಷಗಳಾದರೂ ಯೋಗೀಶನ ಬೆರಳು ಏಳುತ್ತಿರಲಿಲ್ಲ. ಅವನು ಸಿಲಿಂಡರು ಎಣಿಸುತ್ತಿದ್ದ, ಗನ್ನು ಎಣಿಸುತ್ತಿದ್ದ. ಆ ಜನವರಿಯ ಭಾನುವಾರ ಡೈವಿಂಗಿನವರು ಐದು ಮಂದಿ, ಗನ್ನಿನವನು ಸುಕುಮಾರ ಒಬ್ಬನೇ. ಸಿಲಿಂಡರು ಐದು ಬಂತು, ಹಲಗೆಯ ಕೆಳಗೆ ಗನ್ನು ಒಂದು ಕಂಡಿತು. ಸರಿಯಾಯಿತು ಎಂದು ಲಂಗರು ಎತ್ತಿದ. ಹೊಸತೊಂದನ್ನು ಹೊಡೆದು ನೋಡಲು ಸುಕುಮಾರ ಅವತ್ತು ಎರಡು ಗನ್ನು ತಂದಿದ್ದ. ಹಳೆಯದು ಹಲಗೆಯ ಕೆಳಗಿತ್ತು, ಹೊಸತನ್ನು ಹಿಡಿದುಕೊಂಡು ಅವನು ನೀರಿನ ಕೆಳಗಿದ್ದ.

ಡೈವಿಂಗಿನವರಲ್ಲಿ ಒಬ್ಬರಿಗೆ ರೈಲಿನ ಅವಸರ. ಬೋಟಿನ ಹಿಂದೆ ಯಾರಿದ್ದಾರೆ, ಯಾರಿಲ್ಲ ಎಂದು ನೋಡುವ ಅಭ್ಯಾಸ ಉಳಿದವರಿಗೆ ಮೊದಲೇ ಇರಲಿಲ್ಲ. ನಲವತ್ತು ನಿಮಿಷ ಓಡಿ ಅಳಿವೆ ಕಾಣುವಾಗ ಗೌತಮಿಯೇ ಕೇಳಿದ್ದು, ಆ ಗನ್ನಿನ ಜನ ಎಲ್ಲಿ ಎಂದು. ಬೋಟು ತಿರುಗಿಸಿ, ಕಲ್ಲಿನ ಹತ್ತಿರ ಅವನನ್ನು ಕಾಣದೆ, ಹುಡುಕಿ ಹುಡುಕಿ, ಕೊನೆಗೆ ತೆಂಕು ದಿಕ್ಕಿನಲ್ಲಿ ಬಹಳ ದೂರ, ಗನ್ನನ್ನೂ ಬಿಡದೆ, ಎಲ್ಲಿಂದಲೋ ತೇಲಿ ಬಂದ ಒಂದು ಪ್ಲಾಸ್ಟಿಕ್ ಕ್ಯಾನು ಅಪ್ಪಿಕೊಂಡು ತೇಲುತ್ತಿದ್ದವನನ್ನು ಎಳೆದು ಹಾಕಿಕೊಂಡರು. ತುಟಿ ಬೆಳ್ಳಗಾಗಿತ್ತು. ಅವನ ಬಾಯಿಂದ ಬಂದ ಮೊದಲ ಮಾತು, "ಸಾರಿ ಮಾರಾಯ, ನನ್ನಿಂದ ನಿಮಗೆಲ್ಲ ಉಪದ್ರ ಆಯಿತು."

ಆಗ ಹೇಳಬಹುದಿತ್ತು. ಗೌತಮಿ ಯೋಗೀಶನ ಮುಖ ನೋಡಿದಳು; ಯೋಗೀಶ ಇಂಜಿನು ನೋಡಿದ. ದಡ ಮುಟ್ಟುವಷ್ಟರಲ್ಲಿ ಸುಕುಮಾರ ತಾನೇ ಕಥೆ ಪೂರ್ತಿ ಮಾಡಿದ್ದ: ತಾನು ಅಂದಾಜು ತಪ್ಪಿ ತೇಲಿ ಹೋದದ್ದು, ಯೋಗೀಶಣ್ಣ ಬಿಡದೆ ಹುಡುಕಿ ಜೀವ ಉಳಿಸಿದ್ದು. ಯೋಗೀಶ ಒಂದು ಸುಳ್ಳನ್ನೂ ಆಡಲಿಲ್ಲ. ಬಾಯಿ ಬಿಡಲಿಲ್ಲ, ಅಷ್ಟೇ. ಒಂದು ತಿಂಗಳಿಂದ ಆ ಅಷ್ಟೇ ಎಂಬುದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ನುಂಗಿದರೂ ಇಳಿಯದು, ಕೆಮ್ಮಿದರೂ ಬಾರದು.

ಪಂಕಜಾಕ್ಷಿ ಚಾವಡಿಯಲ್ಲಿ ಅವನೊಬ್ಬನಿಗೇ ಎಲೆ ಹಾಕಿದಳು. ಸಕ್ಕರೆ ಕಾಯಿಲೆಯ ಮಾತ್ರೆ ಇರುವುದರಿಂದ ಸುಕುಮಾರ ಮೊದಲ ಪಂಕ್ತಿಯಲ್ಲೇ ಉಂಡಿದ್ದ. ಈಗ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಇಳಿದು ಹೋಗಿದ್ದ ಮನುಷ್ಯ. ಕೆಲಸ ಹೇಗುಂಟು ಎಂದು ಕೇಳಿದ್ದಕ್ಕೆ, ಮಾಳಿಗೆ ಹತ್ತುವ ಕೆಲಸ ಬಿಟ್ಟಿದ್ದೇನೆ ಎಂದ. ಒಂದು ಸ್ಕ್ರೂ ಬಿಗಿದರೆ ಬಿಗಿದೆನೋ ಇಲ್ಲವೋ ಎಂದು ನಾಲ್ಕು ಸಲ ನೋಡುವುದಂತೆ, ಮನೆಗೆ ಬಂದ ಮೇಲೂ ಫೋನ್ ಮಾಡಿ ಕೇಳುವುದಂತೆ. ಗಿರಾಕಿಗಳಿಗೇ ಬೇಸರ ಬಂದಿದೆ ಎಂದು ನಕ್ಕ. ಯೋಗೀಶನಿಗೆ ಆ ನಗೆ ನೋಡಲಾಗಲಿಲ್ಲ. ಅನ್ನ ಕಲಸುತ್ತಲೇ ಇದ್ದ.

ಪಂಕಜಾಕ್ಷಿ ಪಾಯಸ ತರಲು ಒಳಗೆ ಹೋದಾಗ ಸುಕುಮಾರ ಎದ್ದು, ಕೋಣೆಯಿಂದ ಆ ಹೊಸ ಗನ್ನನ್ನು ತಂದು ಎಲೆಯ ಪಕ್ಕದಲ್ಲಿ ಇಟ್ಟ. ಹಿಡಿಯನ್ನು ತಾನೇ ಸಾಗುವಾನಿಯಲ್ಲಿ ಕೆತ್ತಿ, ಎಣ್ಣೆ ಕುಡಿಸಿದ್ದು.

"ಇದು ನಿಮಗೆ. ಇನ್ನು ಕಡಲಿಗೆ ಇಳಿಯುವುದಿಲ್ಲ ಅಂತ ಅವಳ ತಲೆ ಮುಟ್ಟಿ ಆಣೆ ಹಾಕಿದ್ದೇನೆ." ಗನ್ನಿನ ಹಿಡಿಯನ್ನು ಅಂಗೈಯಿಂದ ಒರೆಸಿದ. "ಕೆಳಗೆ ಕಲ್ಲು ಕಾಣುತ್ತಿತ್ತು ಯೋಗೀಶಣ್ಣ. ನಮ್ಮದೇ ಕಲ್ಲು ಅಂತ ನನಗೆ ಖಂಡಿತ. ಮುಖ ನೀರಿನಲ್ಲೇ ಇಟ್ಟು ಮೀನು ಹುಡುಕಿ, ತುಂಬಾ ಹೊತ್ತಿನ ಮೇಲೆ ತಲೆ ಎತ್ತಿದರೆ ಬೋಟು ಇಲ್ಲ. ಬೋಟೇ ಇಲ್ಲ ಅಂದ ಮೇಲೆ ಅದು ನಮ್ಮ ಕಲ್ಲು ಹೇಗಾಗುತ್ತದೆ? ಬೇರೆ ಎಲ್ಲಿಗೋ ಬಂದುಬಿಟ್ಟಿದ್ದೇನೆ ಅಂತ ಬೋಟು ಹುಡುಕಿಕೊಂಡು ಈಜಿದೆ. ಇಷ್ಟು ವರ್ಷ ನೀರಿನ ಕೆಳಗೆ ನೋಡಿದ ಕಣ್ಣೇ ಹೀಗೆ ಮೋಸ ಮಾಡಿದರೆ ಇನ್ನು ಯಾವುದನ್ನು ನಂಬುವುದು?"

ಕಲ್ಲು ಬಿಟ್ಟು ಅವನು ಯಾಕೆ ಅಷ್ಟು ದೂರ ಹೋದ ಎಂಬುದು ಯೋಗೀಶನಿಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ. ಗನ್ನು ತೆಗೆದುಕೊಂಡು ಹೊರಟುಬಿಟ್ಟರೆ ಎಲ್ಲ ಇಲ್ಲಿಗೇ ಮುಗಿಯುತ್ತಿತ್ತು. ಬೋಟಿಗೆ ಒಳ್ಳೆಯ ಹೆಸರು, ಮೋಹಿನಿಗೆ ಹೆಮ್ಮೆ, ಊರಿನಲ್ಲಿ ನಾಲ್ಕು ಜನ ಕೈ ಮುಗಿಯುವುದು. ಹೇಳಿದರೆ ನಾಳೆಯಿಂದ ಅವನ ಬೋಟಿಗೆ ಯಾರು ಹತ್ತುತ್ತಾರೆ? ಅದೂ ಹೊಳೆಯಿತು. ಹೊಳೆಯಿತು ಎಂದೇ ತನ್ನ ಮೇಲೆ ಅಸಹ್ಯವಾಯಿತು.

"ಅದೇ ಕಲ್ಲು," ಎಂದ.

"ಎಂತ?"

"ಅದೇ ಕಲ್ಲು ಸುಕುಮಾರಣ್ಣ. ನೀವು ಇದ್ದದ್ದು ಸರಿಯಾದ ಜಾಗದಲ್ಲೇ. ಬೋಟೇ ಅಲ್ಲಿರಲಿಲ್ಲ. ನಿಮ್ಮನ್ನು ಬಿಟ್ಟು ಹೊರಟವನು ನಾನು."

ಆಮೇಲೆ ಎಲ್ಲ ಹೇಳಿದ. ಐದು ಸಿಲಿಂಡರು, ಹಲಗೆಯ ಕೆಳಗಿನ ಗನ್ನು, ಗೌತಮಿ ಕೇಳಿದ್ದು, ತಾನು ಇಂಜಿನು ನೋಡಿದ್ದು. ಸುಕುಮಾರ ಒಂದೇ ಪ್ರಶ್ನೆ ಕೇಳಿದ್ದು, ಎಷ್ಟು ದೂರ ಹೋಗಿದ್ದಿರಿ ಎಂದು. ಅಳಿವೆ ಕಾಣುವವರೆಗೆ, ಎಂದ ಯೋಗೀಶ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ. ಸುಕುಮಾರ ಬೈಯಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ಎರಡು ಸಲ ಉದ್ದಕ್ಕೆ ಉಸಿರು ಬಿಟ್ಟ. "ಅದೇ ಕಲ್ಲು," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಅವನ ಕಣ್ಣು ತುಂಬಿತ್ತು. ಗನ್ನನ್ನು ಎಲೆಯ ಪಕ್ಕದಿಂದ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ.

"ಇದನ್ನು ಅವಳಿಗೂ ನೀವೇ ಹೇಳಬೇಕು," ಎಂದ. "ನಾನು ಹೇಳಿದರೆ, ಪುನಃ ಕಡಲಿಗೆ ಹೋಗಲು ಕಥೆ ಕಟ್ಟುತ್ತಿದ್ದೇನೆ ಅಂತ ಹೇಳಿಯಾಳು."

ಪಂಕಜಾಕ್ಷಿ ಪಾತ್ರೆ ಹಿಡಿದುಕೊಂಡು ಬಂದಳು. ಬೇಡ ಅಕ್ಕ, ಸಾಕು ಎನ್ನುವುದರೊಳಗೆ ಬಗ್ಗಿ ಮೂರು ಸೌಟು ಪಾಯಸ ಬಡಿಸಿದಳು. ಯೋಗೀಶ ಅದು ಎಲೆಯಿಂದ ಹರಿದು ಹೋಗದಂತೆ ಅನ್ನ ಅಡ್ಡ ಮಾಡುತ್ತ, ತಲೆ ಎತ್ತದೆ, ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿದ. ಎರಡನೆಯ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ.

ಅವಳು ಗಂಡನ ಮುಖ ನೋಡಿದಳು. ಸುಕುಮಾರ ಹೌದು ಎಂದು ತಲೆ ಆಡಿಸಿದ. ಹೊರಗೆ ಯಾರೋ ನೆಂಟರು ಹೊರಟೆವು ಎಂದು ಕೂಗಿ ಹೇಳಿದರು.

"ಒಂದು ತಿಂಗಳಿಂದ ದೀಪ ಹಚ್ಚುವಾಗ ನಿಮ್ಮ ಹೆಸರು ಹೇಳಿ ಕೈ ಮುಗಿಯುತ್ತಿದ್ದೆ," ಎಂದಳು.

ಯೋಗೀಶ ಎಲೆ ಮಡಚಲು ಕೈ ಹಾಕಿದ.

"ಬಿಟ್ಟು ಏಳಬೇಡಿ. ದೇವರ ಪ್ರಸಾದ ಉಂಟು ಅದರಲ್ಲಿ."

ಅವನು ಅರ್ಧ ಮಡಚಿದ ಎಲೆಯನ್ನು ಪುನಃ ಬಿಡಿಸಿ, ಪಾಯಸವನ್ನು ಬೆರಳಲ್ಲಿ ಬಳಿದು ಬಾಯಿಗೆ ಹಾಕಿಕೊಂಡ. ಬೆಲ್ಲದ ಪಾಯಸ, ಚೆನ್ನಾಗಿ ಕುದಿದು ಗಟ್ಟಿಯಾಗಿತ್ತು. ಎಲೆ ಖಾಲಿಯಾಗುವವರೆಗೂ ಅವಳು ಸೌಟು ಹಿಡಿದುಕೊಂಡು ಅಲ್ಲೇ ನಿಂತಿದ್ದಳು.