ಕಿಟಕಿಯ ಕಡೆಗೆ ಸರಿಯುವ ಬಂಡಿ

ಶಾಲೆಯ ಜವಾನನ ಹೆಗಲ ಮೇಲೆ ಗೋಣಿತಾಟು ಸುತ್ತಿದ ಉದ್ದನೆಯ ವಸ್ತುವನ್ನು ಹೊರಿಸಿಕೊಂಡು ಅಕ್ಕ ಬೆಳಗ್ಗೆಯೇ ವರ್ಕ್‌ಶಾಪಿಗೆ ಬಂದಳು. ಮಿಸ್ತ್ರಿಗೆ ತಾಟು ಬಿಚ್ಚುವ ಮೊದಲೇ ಅದೇನೆಂದು ತಿಳಿಯಿತು. ಆ ಅಳತೆಯದು ಅವನು ಜನ್ಮದಲ್ಲಿ ಮಾಡಿದ್ದು ಒಂದೇ.

"ಹೊಸ ಟೀಚರಮ್ಮ ಗುಜರಿಗೆ ಹಾಕ್ಸಕ್ಕೆ ಹೊರಟಿದ್ಳು ಕಣೋ," ಎಂದಳು ಅಕ್ಕ, ಸ್ಟೂಲನ್ನು ಸೆರಗಿನಿಂದ ಒರೆಸಿ ಕುಳಿತು. "ನನ್ನ ತಮ್ಮ ಮಾಡಿದ್ದು, ನಮ್ಮ ಯಜಮಾನ್ರು ಪಾಠ ಹೇಳಿದ್ದು, ರಿಪೇರಿ ಮಾಡಿಸ್ಕೊಡ್ತೀನಿ ಅಂತ ತಂದೆ. ಶುಕ್ರವಾರ ಕ್ಲಾಸಲ್ಲಿ ತೋರಿಸ್ತಾಳಂತೆ. ನಾನೂ ಹೋಗಿ ಕೂರ್ತೀನಿ."

"ಏನಾಗಿದೆಯಂತೆ?"

"ಅದೇ ಹಳೇ ರಾಮಾಯಣ. ಭಾರ ಹಾಕಿದ್ರೆ ಬಂಡಿ ಕಿಟಕಿ ಕಡೆ ಹೋಗುತ್ತಂತೆ." ಅಕ್ಕ ತಮ್ಮನ ಮುಖ ನೋಡಿದಳು. "ವಿಚಿತ್ರ ನೋಡು. ನಿಮ್ಮ ಭಾವ ಹೋಗಿ ವರ್ಷವಾಯ್ತು. ಅವರ ಕೈ ನಡುಕ ಮಾತ್ರ ಇನ್ನೂ ಸ್ಕೂಲಲ್ಲೇ ಇದೆ."

ಮಿಸ್ತ್ರಿ ಗಂಟು ಬಿಚ್ಚತೊಡಗಿದ.

ಗಾಳಿಹಳಿ ಎಂದು ಅದಕ್ಕೆ ಹೆಸರಿಟ್ಟವರು ಭಾವ. ಮನೆಯ ಸೂರಿನಂತೆ ಎರಡು ಇಳಿಜಾರು ಮೈಯುಳ್ಳ ಅಲ್ಯೂಮಿನಿಯಂ ಕೊಳವೆ; ಮೈತುಂಬ ಸೂಜಿಮೊನೆಯಷ್ಟು ತೂತುಗಳು. ಕಸ ಹೀರುವ ಹಳೆಯ ಯಂತ್ರದ ಮೋಟಾರನ್ನು ತಿರುವುಮುರುವಾಗಿ ಜೋಡಿಸಿ ಒಳಗೆ ಗಾಳಿ ಊದಿದರೆ, ಮೇಲೆ ತಡಿಯಂತೆ ಕೂತ ತಗಡಿನ ಬಂಡಿ ಕೂದಲೆಳೆಯಷ್ಟು ಎದ್ದು ತೇಲುತ್ತಿತ್ತು. ಉಜ್ಜಾಟವೆಂಬುದಿಲ್ಲ. ನಿಲ್ಲಿಸಿದರೆ ನಿಂತಲ್ಲೇ, ತಳ್ಳಿದರೆ ಒಂದೇ ವೇಗದಲ್ಲಿ. ಮೊದಲ ಸಲ ಮೋಟಾರು ಬೊಬ್ಬೆ ಹಾಕಿದಾಗ ಭಾವ, "ಇದರ ಮುಂದೆ ನನ್ನ ಪಾಠ ಯಾರಿಗಪ್ಪಾ ಕೇಳುತ್ತೆ? ನಿಮ್ಮಕ್ಕ ಎರಡನೇ ಸಲ ಕಾಫಿಗೆ ಕೂಗಿದ ಹಾಗಿದೆ," ಎಂದಿದ್ದರು. ಮಿಸ್ತ್ರಿ ಅದಕ್ಕೆ ಮರದ ಪೆಟ್ಟಿಗೆ ಮಾಡಿ, ಒಳಗೆ ಹತ್ತಿ ತುರುಕಿ, ಸದ್ದು ಅಡಗಿಸಿದ.

ಸಾವಿರದ ಇನ್ನೂರು ತೂತುಗಳಲ್ಲಿ ಎಂಬತ್ತು ಉಳಿದಿದ್ದಾಗ ಸಣ್ಣ ಬೈರಿಗೆಯ ಮೊನೆ ಮುರಿಯಿತು. ಕೊರೆಯುವ ಯಂತ್ರಕ್ಕೆ ಕೂರುವ ಅಳತೆಯದು ಇನ್ನೊಂದಿರಲಿಲ್ಲ. ಪೇಟೆಗೆ ಹೋಗಲು ಸೋಮಾರಿತನ, ಮಾರನೆಯ ದಿನವೇ ಕೊಟ್ಟು ಭೇಷ್ ಎನಿಸಿಕೊಳ್ಳುವ ಆಸೆ. ಕೈಬೈರಿಗೆ ಹಿಡಿದು ಕೊರೆದ. ಶಾಲೆಯಲ್ಲಿ ಹಳಿಯ ಒಂದು ತುದಿ ಕಿಟಕಿಗೆ, ಇನ್ನೊಂದು ಗೋಡೆಗೆ ಬರುವಂತಿತ್ತು; ಆ ಸಾಲು ಗೋಡೆಯ ತುದಿಗೆ ಓರೆಯಾಯಿತು. ಗಾಳಿ ಹಾಕಿದರೆ ಬಂಡಿ ಗೋಡೆಯ ಕಡೆಗೆ ಮೆಲ್ಲಗೆ ಹೊರಟಿತು. ಆಗ ಗೋಡೆಯ ಕಡೆಯ ಕಾಲಿಗೆ ತೆಳು ತಗಡಿನ ಚೂರೊಂದನ್ನು ಕೊಟ್ಟು, ಮಟ್ಟಗೋಲಿನ ಗುಳ್ಳೆಗೂ ತಿಳಿಯದಷ್ಟು ಎತ್ತರಿಸಿ, ಮೇಲೆ ಬಣ್ಣ ಬಳಿದ. ಬಂಡಿ ನಿಂತಿತು. ಭಾವ ಅವನ ಬೆನ್ನು ತಟ್ಟಿದರು.

ಖಾಲಿ ಬಂಡಿಗೆ ಆ ಉಪಾಯ ನಡೆಯಿತು. ಭಾರ ಹೇರಿದರೆ ಇಳಿಜಾರು ಗೆಲ್ಲುತ್ತಿತ್ತು, ಗಾಳಿ ಸೋಲುತ್ತಿತ್ತು. ಪ್ರತಿ ವರ್ಷ ಭಾವ ಭಾರದ ಬಂಡಿಯನ್ನು ನಡುವೆ ಇಟ್ಟು ಕೈಬಿಟ್ಟೊಡನೆ ಅದು ಕಿಟಕಿಯತ್ತ ಸರಿಯುತ್ತಿತ್ತು. ಭಾರ ಹಿಡಿದಾಗ ತಮ್ಮ ಕೈಯೇ ನಡುಗಿ ತಳ್ಳುತ್ತದೆ ಎಂದು ಅವರು ನಂಬಿದರು. ಹುಡುಗರು 'ನಡುಕದ ಮೇಷ್ಟ್ರು' ಎಂದರು. ಕೊನೆಗೆ ಪ್ರಯೋಗದ ತರಗತಿಗಳನ್ನು ತಾವಾಗಿ ಬೇರೆಯವರಿಗೆ ಬಿಟ್ಟುಕೊಟ್ಟರು.

ಒಮ್ಮೆ ಮಾತ್ರ ಇಲ್ಲಿಗೇ ಬಂದು, "ಕೊಳವೆ ಸರಿಯಾಗಿದೆ ತಾನೇ?" ಎಂದು ಕೇಳಿದ್ದರು.

"ನನ್ನ ಕೆಲಸದಲ್ಲಿ ಹುಳುಕು ಹುಡುಕ್ತೀರಾ ಭಾವ?" ಎಂದಿದ್ದ ಮಿಸ್ತ್ರಿ.

"ಛೆ, ತಪ್ಪಾಯ್ತಪ್ಪ. ಕೇಳಬಾರದಿತ್ತು," ಎಂದು ಹೋಗಿದ್ದರು. ತಪ್ಪಾಯ್ತೆಂದವರು ಅವರು. ಅಂದಿನಿಂದ ಮಿಸ್ತ್ರಿ ದಿನವೂ ದೀಪ ಹಚ್ಚಿ ದೇವರಿಗೆ ಇದನ್ನು ಹೇಳಿಕೊಳ್ಳುತ್ತಿದ್ದ. ದೇವರಿಗೆ ಹೇಳುವುದು ಸುಲಭವಾಗಿತ್ತು. ಆತ ಶಾಲೆಗೆ ಹೋಗಿ ಯಾರಿಗೂ ಹೇಳುವಂತಿರಲಿಲ್ಲ.

ಈಗ ಉಳಿಯಿಂದ ಬಣ್ಣ ಕೆತ್ತಿ ಚೂರನ್ನು ಎಬ್ಬಿಸಿದ. ಅದು ಬೆಂಚಿನ ಮೇಲೆ ಟಿಣ್ ಎಂದು ಬಿತ್ತು. ಕಸದ ಜೊತೆ ಗುಡಿಸಿಬಿಟ್ಟರೆ ಮುಗಿಯಿತು. ಅಕ್ಕನಿಗೆ ತಗಡು ಯಾವುದು, ತುಕ್ಕು ಯಾವುದು ಗೊತ್ತಾಗುವುದಿಲ್ಲ. ಪೊರಕೆ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು.

"ಅಕ್ಕಾ, ಭಾವನ ಕೈ ನಡುಗ್ತಿರಲಿಲ್ಲ," ಎಂದ. "ಇದು ನಾನಿಟ್ಟಿದ್ದು." ಮಿಕ್ಕದ್ದನ್ನು ಬೈರಿಗೆ ಮುರಿದಲ್ಲಿಂದ ಹಿಡಿದು, ತಲೆಯೆತ್ತದೆ, ಹೇಳಿ ಮುಗಿಸಿದ.

ಅಕ್ಕ ಚೂರನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಊಟಕ್ಕೆ ಕೂತಾಗ ನೀರು ತುಂಬಿದ ಲೋಟ ಚಾಚಿ ಹಿಡಿದು, ಕೈ ನಡುಗುತ್ತಾ, ನೋಡೇ ಅಂತಿದ್ರು," ಎಂದಳು. "ಇಲ್ಲಾರೀ, ಒಂದು ಹನಿ ಅಲ್ಲಾಡಲ್ಲ ಅಂತಿದ್ದೆ. ನಂಬ್ತಿರಲಿಲ್ಲ. ನಿನ್ನ ತಮ್ಮನ ಕೆಲಸದಲ್ಲಿ ತಪ್ಪಿರಲ್ಲ, ಹಾಗಾದ್ರೆ ಕೈಯೇ ಅಂತಿದ್ರು. ಹೆಂಡತಿ ಕಣ್ಣಿಗಿಂತ ನಿನ್ನ ಮಾತು ದೊಡ್ಡದಾಗಿತ್ತು ಅವರಿಗೆ."

"ಬೈಯಕ್ಕಾ."

"ಬೈದ್ರೆ ನಿಂಗೆ ಹಗುರಾಗುತ್ತೆ. ನಾನು ಬೈಯಲ್ಲ." ಎದ್ದಳು. "ಅದನ್ನ ನೆಟ್ಟಗೆ ಮಾಡು. ಶುಕ್ರವಾರ ನೀನೇ ಬಂದು ಕ್ಲಾಸಲ್ಲಿ ಹೇಳು. ನನ್ನ ಕಿವಿಗೆ ಹೇಳಿದ್ದು ಸಾಲದು."

ಮಿಸ್ತ್ರಿ ಪೇಟೆಗೆ ಹೋಗಿ ಹೊಸ ಮೊನೆ ತಂದ. ಓರೆ ತೂತುಗಳನ್ನು ಲೋಹದ ಅಂಟಿನಿಂದ ಮುಚ್ಚಿ, ಒಣಗಿಸಿ, ಕೊಳವೆಯನ್ನು ಯಂತ್ರಕ್ಕೆ ಬಿಗಿದು ಎಂಬತ್ತನ್ನೂ ನೇರವಾಗಿ ಕೊರೆದ. ಎರಡು ದಿನದ ಕೆಲಸ. ಅಂದೂ ಎರಡೇ ದಿನ ಹಿಡಿಯುತ್ತಿತ್ತು.

ಶುಕ್ರವಾರ ನಲವತ್ತು ಮಕ್ಕಳೆದುರು ನಿಂತು ಅವನು ಅದನ್ನೆಲ್ಲ ಹೇಳಿದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಟೀಚರಮ್ಮ ಗದರಲು ಹೋದಾಗ ಬೇಡವೆಂದು ಕೈಯೆತ್ತಿದ. ಆ ಕೈ ನಡುಗುತ್ತಿತ್ತು. ಹಾಗಾಗಿ ಭಾರದ ಬಂಡಿಯನ್ನು ಹಳಿಯ ನಡುವೆ ಇಟ್ಟು ಬಿಟ್ಟವಳು ಅಕ್ಕ. ಬಂಡಿ ಕಿಟಕಿಗೂ ಹೋಗಲಿಲ್ಲ, ಗೋಡೆಗೂ ಹೋಗಲಿಲ್ಲ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಆ ಮೇಷ್ಟ್ರಿಗೆ ಇದು ಗೊತ್ತಾಯ್ತಾ?"

"ಇಲ್ಲಮ್ಮ," ಎಂದ ಮಿಸ್ತ್ರಿ.

ಆ ಅಡ್ಡಹೆಸರಿಟ್ಟ ಹುಡುಗರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಅವರೆಲ್ಲ ಬೆಳೆದು, ಎಲ್ಲೆಲ್ಲೋ ಇದ್ದು, ಈಗಲೂ ಆ ಹೆಸರು ಹೇಳಿ ನಗುತ್ತಿರಬಹುದು. ಮೋಟಾರು ಮೆತ್ತಗೆ ಗುಂಯ್‌ಗುಡುತ್ತಿತ್ತು. ಅಕ್ಕ ಬಂಡಿಯಿಂದ ಕಣ್ಣು ತೆಗೆಯದೆ, "ಇನ್ನೂ ಸ್ವಲ್ಪ ಹೊತ್ತು ಆರಿಸ್ಬೇಡ," ಎಂದಳು.